ಕಣದಲ್ಲಿ ಆಡಿದ ಫುಟ್ಬಾಲು

ಸಗಣಿ ಸಾರಿಸಿದ ನೆಲ ಅರ್ಧ ಒಣಗಿ ಅರ್ಧ ಹಸಿಯಿರುವಾಗ ಒಂದು ವಾಸನೆ ಬರುತ್ತದೆ. ಹಳ್ಳಿಯ ಕಡೆ ಬೆಳೆದ ನಿಮಗೆ ಅದು ಹಬ್ಬದ ವಾಸನೆ, ಸುಗ್ಗಿಯ ವಾಸನೆ ಇರಬಹುದು. ನನಗೆ ಅದು ಭಯದ ವಾಸನೆ. ಮೊನ್ನೆ ನೆಂಟರ ಮನೆಯ ಗೃಹಪ್ರವೇಶದಲ್ಲಿ, ಶಾಸ್ತ್ರಕ್ಕೆಂದು ಹೊಳೆಯುವ ಕಲ್ಲಿನ ನೆಲದ ಮೇಲೆ ಅಂಗೈಯಗಲ ಸಗಣಿ ಸವರಿದ್ದರು. ಬಂದವರೆಲ್ಲ ಮೂಗರಳಿಸಿ ಹಳೆಯ ಕಾಲವನ್ನು ಹೊಗಳತೊಡಗಿದರು. ನಾನು ಮೆಲ್ಲಗೆ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಮೊಮ್ಮಕ್ಕಳನ್ನು ಕಂಡ ಮುದುಕಿ ಸಗಣಿಗೆ ಹೆದರುತ್ತಾಳಲ್ಲ ಎಂದು ನಿಮಗೆ ನಗು ಬಂದರೆ ನಗಿ, ಬೇಡವೆನ್ನುವುದಿಲ್ಲ. ಆದರೆ ಪೂರ್ತಿ ಕೇಳಿ ಆಮೇಲೆ ನಗಿ.

ಶಿಕಾರಿಪುರದ ಪೇಟೆಯಲ್ಲಿ ನಮ್ಮ ಮನೆಯಿತ್ತು. ಮುಂದೆ ಕಾಳು-ಬೆಲ್ಲದ ಅಂಗಡಿ, ಹಿಂದೆ ಕೊಟ್ಟಿಗೆ, ನಡುವೆ ಎಣಿಸಲು ಬೇಸರವಾಗುವಷ್ಟು ಜನ ನಾವು. ಎಲ್ಲರ ಮೇಲೂ ಅಜ್ಜಿ. ಹಣೆಯ ತುಂಬ ವಿಭೂತಿ, ಸೊಂಟದಲ್ಲಿ ಬೀಗದ ಕೈ ಗೊಂಚಲು. ಆಕೆ ಕೆಮ್ಮಿದರೆ ಅಂಗಡಿಯಲ್ಲಿ ಅಪ್ಪನ ತಕ್ಕಡಿ ನಿಲ್ಲುತ್ತಿತ್ತು. ಆಕೆಯ ಮಾತು ಕೇಳದೆಯೂ ಆಕೆಯ ಮುದ್ದಿನ ಮಗನಾಗಿ ಉಳಿದವನು ಚಿಗಪ್ಪ ಒಬ್ಬನೇ, ಅಪ್ಪನ ಕೊನೆಯ ತಮ್ಮ. ದಾವಣಗೆರೆಯಲ್ಲಿ ಓದಲು ಹೋದವನು ಡಿಗ್ರಿ ತರಲಿಲ್ಲ, ಫುಟ್ಬಾಲ್ ತಂದ. ಪೇಟೆಯ ಹುಡುಗರನ್ನು, ಸೊರಬದ ಕಡೆಯ ಕೆಲವರನ್ನು ಸೇರಿಸಿ ಒಂದು ಕ್ಲಬ್ ಕಟ್ಟಿದ. ಆಗ ದೇಶದಲ್ಲಿ ಹವ್ಯಾಸಿ ಕ್ಲಬ್ಬುಗಳ ಒಂದು ಚಾಂಪಿಯನ್‌ಶಿಪ್ ನಡೆಯುತ್ತಿತ್ತಂತೆ. ದೊಡ್ಡ ಪಟ್ಟಣಗಳ ಕಪ್ ಪಂದ್ಯಗಳಿಗೆ ಯಾರೂ ಕರೆಯದ ಗುಮಾಸ್ತರು, ಮೇಷ್ಟ್ರುಗಳು, ಗಿರಣಿಯ ಕೂಲಿಗಳು ತಮ್ಮ ಪಾಡಿಗೆ ತಾವು ಶುರು ಮಾಡಿದ್ದು. ವರ್ಷಕ್ಕೊಂದು ಊರು ಅದನ್ನು ನಡೆಸಿಕೊಡಬೇಕು. ನಡೆಸಿದ ಊರಿನ ಹೆಸರನ್ನು ಒಂದು ಪುಟ್ಟ ಬೆಳ್ಳಿಯ ತಗಡಿನಲ್ಲಿ ಕೊರೆದು ಗೆದ್ದವರಿಗೆ ಕೊಡುವ ದೊಡ್ಡ ಮರದ ಶೀಲ್ಡಿಗೆ ಹೊಡೆಯುತ್ತಿದ್ದರು. ಒಂದು ವರ್ಷ ಎಲ್ಲೋ ದೂರದ ಊರಿನಲ್ಲಿ ಆಟ ನೋಡಲು ಹೋಗಿದ್ದ ಚಿಗಪ್ಪ, ಕಡೆಯ ದಿನದ ಸಭೆಯಲ್ಲಿ ಎದ್ದು ನಿಂತು ಮುಂದಿನ ವರ್ಷ ನಮ್ಮೂರು ಎಂದುಬಿಟ್ಟನಂತೆ. ಗಾಳಿ ತುಂಬಿದ ಚೀಲ ಒದೆಯಲು ದೇಶದ ಜನ ನಮ್ಮೂರಿಗೆ ಯಾಕೆ ಬರುತ್ತಾರೆ, ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಅಜ್ಜಿ ಬೈದಳು. ಆದರೆ ಬರುವುದು ಖಾತ್ರಿಯಾದ ಮೇಲೆ ಅವಳೇ ಸೆರಗು ಸಿಕ್ಕಿಸಿ ನಿಂತಳು. ಮನೆಗೆ ಬರುವ ಪರಸ್ಥಳದವರ ಮುಂದೆ ಊರಿನ ಮಾನ ಹೋಗಬಾರದು.

ಊರಲ್ಲಿ ಆಟದ ಬಯಲು ಎಂಬುದು ಇರಲಿಲ್ಲ. ಆಗತಾನೇ ಜೋಳ ಕೊಯ್ದಿದ್ದ ನಮ್ಮ ದೊಡ್ಡ ಹೊಲವನ್ನು ಅಜ್ಜಿ ಬಿಟ್ಟುಕೊಟ್ಟಳು. ನೆಲ ಸಮ ಮಾಡಿಸು ಎಂದಷ್ಟೇ ಚಿಗಪ್ಪ ಆಕೆಗೆ ಹೇಳಿದ್ದು. ನೆಲ ಸಮ ಮಾಡುವುದೆಂದರೆ ನಮ್ಮವರಿಗೆ ಗೊತ್ತಿದ್ದದ್ದು ಒಂದೇ, ತೆನೆ ಬಡಿಯುವ ಕಣ ಮಾಡುವುದು. ಚಿಗಪ್ಪ ಗೋಲಿನ ಕಂಬಕ್ಕೆ ಬಿದಿರು ತರಲು ಸೊರಬಕ್ಕೆ ಹೋಗಿ ಕೆಲವು ದಿನ ಬಿಟ್ಟು ಬರುವಷ್ಟರಲ್ಲಿ ಹೊಲಕ್ಕೆ ನೀರು ಹಾಯಿಸಿ, ಎತ್ತು ತುಳಿಸಿ, ಕಲ್ಲಿನ ಗುಂಡು ಉರುಳಿಸಿ, ಮೇಲೆ ಸಗಣಿಯ ಬಗ್ಗಡ ಸಾರಿಸಿ ಆಗಿತ್ತು. ಈಸೂರಿನಿಂದ, ಅಂಜನಾಪುರದಿಂದ ಗಾಡಿಗಳಲ್ಲಿ ಸಗಣಿ ಬಂದಿತ್ತು. ಅಷ್ಟು ದೊಡ್ಡ ಕಣವನ್ನು ಯಾರೂ ಕಂಡಿರಲಿಲ್ಲ. ಬಿಸಿಲಿಗೆ ಒಣಗಿ ಅದು ಹಸಿರು ಬಂಗಾರದ ಹಾಗೆ ಹೊಳೆಯುತ್ತಿತ್ತು. ಚಿಗಪ್ಪ ಬಂದು ನೋಡಿದ. ಆಮೇಲೆ, ಇಷ್ಟು ಮಂದಿ ಪ್ರೀತಿಯಿಂದ ಮಾಡಿದ್ದಕ್ಕೆ ಏನು ಹೇಳುವುದು ಎಂದುಕೊಂಡನೋ ಏನೋ, ಚೆನ್ನಾಗಿದೆ ಎಂದ.

ಆಟಗಾರರನ್ನು ಮನೆಮನೆಗೆ ಹಂಚಿಕೊಂಡರು. ನಮ್ಮ ಪಾಲಿಗೆ ಕೇರಳದ ಕಡಲ ದಂಡೆಯ ಒಂದು ಕ್ಲಬ್ ಬಂತು. ಅದರಲ್ಲಿ ರಾಘವನ್ ಎಂಬ ತೆಳ್ಳನೆಯ, ನಗುಮುಖದ ಹುಡುಗನಿದ್ದ. ಅವನಿಗೆ ಕನ್ನಡ ಬಾರದು, ನಮಗೆ ಮಲಯಾಳ ಬಾರದು. ಆದರೆ ಅಮ್ಮಾ ಎಂಬ ಮಾತಿಗೆ ಭಾಷೆ ಬೇಕೇ? ಅಜ್ಜಿಯನ್ನು ಹಾಗೆ ಕರೆದುಕೊಂಡೇ ಒಲೆಯ ಮುಂದೆ ಕುಳಿತು ಬಿಸಿ ರೊಟ್ಟಿ ತಿನ್ನುತ್ತಿದ್ದ. ನನಗೆ ಚೆಂಡನ್ನು ಹಣೆಯ ಮೇಲೆ ನಿಲ್ಲಿಸಿ ತೋರಿಸುತ್ತಿದ್ದ.

ಮೊದಲ ದಿನ ಜನ ಜಾತ್ರೆ ನೆರೆದಂತೆ ನೆರೆದಿತ್ತು. ತಂಡಗಳು ಬೂಟು ಹಾಕಿಕೊಂಡು ಒಳಗೆ ಇಳಿಯಬೇಕು, ಅಷ್ಟರಲ್ಲಿ ಅಜ್ಜಿ ಅಂಚಿನಲ್ಲಿ ಕೈ ಅಡ್ಡ ಹಿಡಿದು ನಿಂತಳು.

"ಕಣಕ್ಕೆ ಮೆಟ್ಟು ಹಾಕ್ಕೊಂಡು ಇಳೀಬಾರ್ದು ತಮ್ಮಾ. ಅನ್ನ ಬೀಳೋ ಜಾಗ ಐತೆ ಅದು."

ಎಲ್ಲರೂ ಚಿಗಪ್ಪನ ಮುಖ ನೋಡಿದರು. ಅವನು ಅಜ್ಜಿಯ ಮುಖ ನೋಡಿದ. ಅದು ಕಣವಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ, ಏಕೆಂದರೆ ಊರಿನವರ ಕಣ್ಣಿಗೆ ಅದು ಕಣವೇ. ಅವನು ಹೇಳುವ ಮೊದಲೇ, ಅಜ್ಜಿಯ ಬೆರಳು ಬೂಟಿನ ಕಡೆ ಇದ್ದದ್ದನ್ನು ಕಂಡು ರಾಘವನ್ ಕುಕ್ಕರಗಾಲಲ್ಲಿ ಕುಳಿತು ಬೂಟು ಬಿಚ್ಚಿದ. ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಬರಿಗಾಲಲ್ಲಿ ಒಳಗೆ ಹೋದ. ಅವನ ಹಿಂದೆ ಮಿಕ್ಕವರು. ಊರಿಗೆ ಊರೇ ಚಪ್ಪಾಳೆ ತಟ್ಟಿತು. ಬರಿಗಾಲ ಆಟ ಆ ಕಾಲದ ಆಟಗಾರರಿಗೆ ಹೊಸದೇನೂ ಆಗಿರಲಿಲ್ಲ.

ಜೋಳದ ಕೂಳೆ ಗೊತ್ತಲ್ಲ, ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಮೊನಚು ಬುಡ. ಸಗಣಿಯ ಪದರದ ಕೆಳಗೆ ಅಲ್ಲೊಂದು ಇಲ್ಲೊಂದು ಹಾಗೇ ಉಳಿದಿತ್ತು. ಓಟದ ರಭಸಕ್ಕೆ ಒಂದು ರಾಘವನ್‌ನ ಅಂಗಾಲಿಗೆ ಆಳವಾಗಿ ಹೊಕ್ಕಿತು. ಅವನು ಅದನ್ನು ಕಿತ್ತೆಸೆದು ಆಡಿದ, ಒಂದು ಗೋಲನ್ನೂ ಹೊಡೆದ. ಮನೆಗೆ ಬಂದಾಗ ಅಜ್ಜಿ ಅರಿಸಿನ ಮೆತ್ತಿ ಬಟ್ಟೆ ಕಟ್ಟಿದಳು. ಅಷ್ಟೇ. ಡಾಕ್ಟರಿಗೆ ತೋರಿಸುವ ಗಾಯವೆಂದು ಯಾರಿಗೂ ಅನ್ನಿಸಲಿಲ್ಲ.

ಆ ವಾರ ಕಳೆಯುವ ಮೊದಲು ಒಂದು ಬೆಳಿಗ್ಗೆ, ನಾನು ತಟ್ಟೆ ಮುಂದಿಟ್ಟಾಗ ರಾಘವನ್ ರೊಟ್ಟಿ ಮುರಿದು ಬಾಯಿಗಿಡಲು ಹೋಗಿ ಹಾಗೇ ಕೈ ಇಳಿಸಿದ. ನಕ್ಕ. ಆದರೆ ಆ ನಗು ಮುಗಿಯಲಿಲ್ಲ, ಮುಖದ ಮೇಲೆ ಹಾಗೆಯೇ ನಿಂತುಬಿಟ್ಟಿತು. ತಮಾಷೆಯೆಂದುಕೊಂಡು ನಾನೂ ನಕ್ಕೆ. ಆಮೇಲೆ ಅವನ ಕಣ್ಣು ನೋಡಿದೆ. ಕಣ್ಣು ನಗುತ್ತಿರಲಿಲ್ಲ. ನಾನು ಚೀರಿದ್ದು ಅಂಗಡಿಯವರೆಗೂ ಕೇಳಿಸಿತಂತೆ.

ಡಾಕ್ಟರು ಬಂದರು. ಎಲ್ಲಿ ಆಡಿದರು, ಹೇಗೆ ಆಡಿದರು ಎಂದು ಕೇಳಿ, ಅಂಗಾಲಿನ ಬಟ್ಟೆ ಬಿಚ್ಚಿ ನೋಡಿದರು. ಧನುರ್ವಾಯು ಎಂದರು. ಗಾಯಕ್ಕೆ ಸಗಣಿ ಸೇರಿದರೆ ಬರುತ್ತದೆ ಎಂದರು. ಚಿಗಪ್ಪ ಲಾರಿ ಹತ್ತಿ ಶಿವಮೊಗ್ಗಕ್ಕೆ ಔಷಧಕ್ಕೆ ಓಡಿದ. ರೋಗಿಯನ್ನು ಗಾಡಿಯಲ್ಲಿ ಕುಲುಕಿಸುವ ಹಾಗಿಲ್ಲ, ಕತ್ತಲೆಯಲ್ಲಿ ಮಲಗಿಸಿ, ಸದ್ದು ಮಾಡಬೇಡಿ, ಒಂದು ಚೊಂಬು ಬಿದ್ದರೂ ಮೈ ಬಿಲ್ಲಿನಂತೆ ಬಾಗುತ್ತದೆ, ಉಸಿರು ಕಟ್ಟುತ್ತದೆ ಎಂದು ಡಾಕ್ಟರು ಹೇಳಿದರು. ಅವನನ್ನು ಕಿಟಕಿಯಿಲ್ಲದ ಕಾಳಿನ ಕೋಣೆಯಲ್ಲಿ ಮಲಗಿಸಿದರು.

ಅಷ್ಟು ಜನರ ಮನೆ ಸದ್ದಿಲ್ಲದೆ ಬದುಕುವುದನ್ನು ನೀವು ಎಂದಾದರೂ ನೋಡಿದ್ದೀರಾ? ಎತ್ತಿನ ಕೊರಳ ಗಂಟೆಗಳಿಗೆ ಅಜ್ಜಿ ಅರಳೆ ತುರುಕಿದಳು. ರೊಟ್ಟಿಯನ್ನು ಪಕ್ಕದ ಮನೆಯಲ್ಲಿ ಬಡಿದು ತರುತ್ತಿದ್ದರು. ಬೀಸುವ ಕಲ್ಲು ನಿಂತಿತು, ಅಪ್ಪ ಅಂಗಡಿ ಮುಚ್ಚಿದ. ಕೂಸುಗಳನ್ನು ಸೊರಬದಲ್ಲಿದ್ದ ಅಮ್ಮನ ತವರಿಗೆ ಸಾಗಿಸಿದರು. ನನ್ನನ್ನು ಕಳಿಸಲಿಲ್ಲ, ದೊಡ್ಡವಳು, ಸುಮ್ಮನಿರುತ್ತಾಳೆ ಎಂದರು. ಸುಮ್ಮನಿರುವುದೆಂದರೆ ಎಂಥ ಹೆದರಿಕೆ ಎಂದು ನನಗೆ ಆಗ ತಿಳಿಯಿತು. ಸೀನು ಬಂದರೆ ದಪ್ಪನೆಯ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ಹಿತ್ತಿಲಿಗೆ ಓಡುತ್ತಿದ್ದೆ. ನನ್ನ ಎದೆಯ ಬಡಿತ ಬಾಗಿಲಾಚೆ ಅವನಿಗೆ ಕೇಳಿಸಿ ಅವನು ಸತ್ತುಹೋದರೆ ಎಂದು ಎದೆಯನ್ನು ಎರಡೂ ಕೈಯಿಂದ ಅದುಮಿಕೊಂಡು ಕೂರುತ್ತಿದ್ದೆ. ಅಜ್ಜಿ ಮಾತ್ರ ಒಳಗೆ ಇರುತ್ತಿದ್ದಳು, ಹತ್ತಿಯ ಬತ್ತಿ ಅದ್ದಿ ಅವನ ಹಲ್ಲಿನ ಸಂದಿಗೆ ಹಾಲು ಹಿಂಡುತ್ತ. ಚಿಗಪ್ಪ ಔಷಧ ತಂದ, ಡಾಕ್ಟರು ಚುಚ್ಚಿದರು. ತಡವಾಗಿದೆ ಎಂದು ಅವರು ಅಪ್ಪನಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡೆ, ಯಾರಿಗೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಅಜ್ಜಿ ಕೋಣೆಯ ಬಾಗಿಲನ್ನು ಪೂರಾ ತೆರೆದು ಹೊರಗೆ ಬಂದಳು. ಅಷ್ಟು ದಿನದ ಮೇಲೆ ಆ ಬಾಗಿಲು ಕಿರುಗುಟ್ಟಿತು. ಯಾರೂ ಉಶ್ ಎನ್ನಲಿಲ್ಲ. ಇನ್ನು ಸದ್ದು ಮಾಡಬಹುದು ಎಂದು ನನಗೆ ಅರ್ಥವಾಯಿತು, ಆದರೂ ಯಾರೂ ಮಾಡಲಿಲ್ಲ.

ಉಳಿದ ಪಂದ್ಯಗಳನ್ನು ಬೇರೆ ಊರಿನಲ್ಲಿ ಆಡಿದರು. ಆ ವರ್ಷದ ತಗಡಿನಲ್ಲಿ ಆ ಊರಿನ ಹೆಸರೇ ಇದ್ದಿರಬೇಕು. ಆ ಚಾಂಪಿಯನ್‌ಶಿಪ್ಪಿನ ಚರಿತ್ರೆಯನ್ನು ಯಾರಾದರೂ ಬರೆದರೆ ಅದರಲ್ಲಿ ಶಿಕಾರಿಪುರ ಇರುವುದಿಲ್ಲ. ಚಿಗಪ್ಪ ಕ್ಲಬ್ ಮುಚ್ಚಿದ. ಅಜ್ಜಿ ಕಣವನ್ನು ಉತ್ತು ಹಾಕಿಸಿದಳು, ಹೊಲ ಮತ್ತೆ ಹೊಲವಾಯಿತು.

ಹುಡುಗ ತೀರಿಕೊಂಡನೆಂದು ಅವನ ಕ್ಲಬ್ಬಿನ ವಿಳಾಸಕ್ಕೆ ತಂತಿ ಕಳಿಸಿದ ಮೇಲೆ ರಾಘವನ್‌ನ ತಂದೆ ಬಂದಿದ್ದರು. ಬಿಳಿಯ ಪಂಚೆ, ಕಂಕುಳಲ್ಲಿ ಕೊಡೆ. ಬಂದರಿನಲ್ಲಿ ಕೆಲಸ ಮಾಡುತ್ತಿದ್ದುದರಿಂದ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಮಗನ ಜೊತೆಯ ಆಟಗಾರರು ಅಷ್ಟರಲ್ಲಿ ಆಚೆ ಊರಿಗೆ ಹೋಗಿದ್ದರಿಂದ ಚಿಗಪ್ಪನೊಂದಿಗೆ ಅದರಲ್ಲೇ ಮಾತು. ಪಡಸಾಲೆಯಲ್ಲಿ ಅಜ್ಜಿ ಅವರ ಎದುರು ನೆಲಕ್ಕೆ ಕುಳಿತಳು. ಆಕೆ ಯಾರೆದುರೂ ಹಾಗೆ ಕುಳಿತದ್ದನ್ನು ನಾನು ಕಂಡಿರಲಿಲ್ಲ.

"ಮೆಟ್ಟು ತೆಗಿ ಅಂದೋಳು ನಾನು. ಸಗಣಿ ಸಾರ್ಸಿದೋಳೂ ನಾನೇ. ನಿಮ್ಮ ಮಗನ್ನ ನಾನು ಕೊಂದೆ. ಹೇಳೋ ಅವ್ರಿಗೆ," ಎಂದು ಚಿಗಪ್ಪನ ಕಡೆ ತಿರುಗಿದಳು. "ಒಂದೂ ಬಿಡದಂಗೆ ಹೇಳು."

ಚಿಗಪ್ಪ ತಲೆ ತಗ್ಗಿಸಿ ಇಂಗ್ಲಿಷಿನಲ್ಲಿ ಹೇಳಿದ. ಆ ಮನುಷ್ಯ ಅಜ್ಜಿಯ ಕಡೆ ತಿರುಗಿದರು. ಆಮೇಲೆ ತಾವೂ ನೆಲಕ್ಕೆ ಇಳಿದು, ಆಕೆಯ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡು ಅತ್ತರು. ಅಜ್ಜಿಯೂ ಅತ್ತಳು. ಅವತ್ತಿನಿಂದ ಆಕೆ ಮತ್ತೆ ಊಟ ಮಾಡತೊಡಗಿದಳು. ಸಾಯುವವರೆಗೂ ಆ ಮನುಷ್ಯನನ್ನು ನೆನೆದು, ಮಗನನ್ನು ಕೊಂದವಳನ್ನು ಕ್ಷಮಿಸಿದ ದೊಡ್ಡ ಜೀವ ಎಂದು ಕೈಮುಗಿಯುತ್ತಿದ್ದಳು. ಆಗೆಲ್ಲ ಚಿಗಪ್ಪ ಎದ್ದು ಹೊರಗೆ ಹೋಗುತ್ತಿದ್ದ.

ಅಜ್ಜಿಯ ತಿಥಿ ಮುಗಿದ ಸಂಜೆ ಅವನು ನನ್ನನ್ನು ಜಗಲಿಗೆ ಕರೆದ. "ಅವತ್ತು ಅವ್ವ ಅಂದಿದ್ದನ್ನ ನಾನು ಆ ಹುಡುಗನ ಅಪ್ಪಂಗೆ ಹೇಳ್ಲಿಲ್ಲ ಕಣೇ," ಎಂದ. "ನಿಮ್ಮ ಹುಡುಗನ್ನ ನನ್ನ ಮಗನಂಗೆ ನೋಡ್ಕೊಂಡೆ ಅಂತಿದಾಳೆ ನಮ್ಮವ್ವ, ಅಂದೆ. ಹೆದ್ರಿಕೆ ಆತು ನಂಗೆ."

ಹಾಗಾದರೆ ಆ ತಂದೆ ಅಜ್ಜಿಯ ಕೈಗಳನ್ನು ಕಣ್ಣಿಗೊತ್ತಿಕೊಂಡದ್ದು ಕ್ಷಮಿಸಿ ಅಲ್ಲ. ಉಪಕಾರ ನೆನೆದು. ಈಗ ಚಿಗಪ್ಪನೂ ಇಲ್ಲ, ಆ ಮನೆಯೂ ಇಲ್ಲ. ಸತ್ಯ ಗೊತ್ತಿರುವವಳು ನಾನೊಬ್ಬಳು ಉಳಿದಿದ್ದೇನೆ. ಹೇಳಿಬಿಡೋಣವೆಂದರೆ, ಕೇಳಬೇಕಾಗಿದ್ದ ಆ ಮನುಷ್ಯನ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿಟ್ಟುಕೊಂಡಿರಲಿಲ್ಲ.