ಬಿಡಿಭಾಗ ಸಿಗದ ಭಾಷೆ

ಐವತ್ತೆರಡನೆಯ ವಯಸ್ಸಿನಲ್ಲಿ ಹೊಸ ಭಾಷೆಯೊಂದರ ಮೇಲೆ ಮನಸ್ಸಾಗಿದೆ ಎಂದರೆ ಮನೆಯವರು ನಗುತ್ತಾರೆ. ಅದು ಮನುಷ್ಯರು ಆಡುವ ಭಾಷೆಯಲ್ಲ, ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆ ಎಂದರೆ ಇನ್ನೂ ಜೋರಾಗಿ ನಗುತ್ತಾರೆ. ಮುಳಬಾಗಿಲಿನ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆಯಲ್ಲಿ ಕೂತು, ಅಂಗಡಿಗಳಿಗೂ ಶಾಲೆಗಳಿಗೂ ಪ್ರೋಗ್ರಾಂ ಬರೆದುಕೊಡುತ್ತ ಇಪ್ಪತ್ತು ವರ್ಷ ಕಳೆದಿದ್ದೇನೆ. ಅಷ್ಟೂ ವರ್ಷ ಎಲ್ಲರೂ ಬಳಸುವ ಭಾಷೆಯಲ್ಲೇ ಬರೆದೆ. ಹೋಟೆಲಿಗೆ ಹೋದರೂ ಪಕ್ಕದ ಟೇಬಲ್ಲಿನವರು ತರಿಸಿದ್ದನ್ನೇ ತರಿಸುವವರ ಪೈಕಿ ನಾನು.

ಬೈರಕೂರಿನ ಹತ್ತಿರ ತರಕಾರಿ ಸಸಿಗಳ ನರ್ಸರಿ ನಡೆಸುವ ಮುನಿರತ್ನಮ್ಮನವರಿಗೆ ಒಂದು ಪ್ರೋಗ್ರಾಂ ಬೇಕಾಗಿತ್ತು. ರೈತರು ಸಸಿ ಬುಕ್ ಮಾಡಿದರೆ ಬೀಜ ಯಾವತ್ತು ಹಾಕಬೇಕು, ಸಸಿ ಒಯ್ಯಲು ಯಾವತ್ತು ಬರಬೇಕು ಎಂದು ಅದು ಹೇಳಬೇಕು. ಟಮಾಟಕ್ಕೊಂದು ನಿಯಮ, ಮೆಣಸಿನಕಾಯಿಗೊಂದು, ಹೂಕೋಸಿಗೊಂದು. ನನ್ನ ಹಳೆಯ ಭಾಷೆಯಲ್ಲಿ ಬರೆಯುತ್ತ ಹೋದರೆ ಮುಗಿಯುವ ಲಕ್ಷಣವೇ ಇರಲಿಲ್ಲ. ಎಲ್ಲೋ ಓದಿ ಕಲಿತಿದ್ದ ಅಪರೂಪದ ಭಾಷೆಯಲ್ಲಿ ಒಂದು ನಿಯಮಕ್ಕೆ ಒಂದೇ ಸಾಲು. ಎಲ್ಲ ಸೇರಿ ನಾಲ್ಕು ಪುಟ. ತೊಂದರೆ ಏನೆಂದರೆ, ನಮ್ಮ ತಾಲ್ಲೂಕಿನಲ್ಲಿ ಅದು ಬರುವವನು ನಾನೊಬ್ಬನೇ.

ಮುನಿರತ್ನಮ್ಮ ಮೊದಲು ಹಿಡಿದದ್ದೇ ಅದನ್ನು. “ಅಲ್ಲ ಕಣೋ ಸೀನಪ್ಪ, ನಾಳೆ ನೀನು ಹಾಸಿಗೆ ಹಿಡಿದ್ರೆ ಇದನ್ನ ಯಾರ ಹತ್ರ ತಗೊಂಡೋಗ್ಲಿ?”

“ಗಟ್ಟಿಮುಟ್ಟಾಗೇ ಇದೀನಲ್ಲಕ್ಕ.”

“ನಮ್ ಔಷಧಿ ಹೊಡಿಯೋ ಮಿಷನ್ನೂ ಗಟ್ಟಿಮುಟ್ಟಾಗೇ ಇತ್ತು. ಒಂದು ವಾಷರ್ ಹೋಯ್ತು, ಕೋಲಾರದ ತನಕ ಸುತ್ತಿದ್ರೂ ಸಿಗ್ಲಿಲ್ಲ. ಈಗ ಅದರ ಮೇಲೆ ಕೋಳಿ ಕೂರುತ್ತೆ.”

ಕೊನೆಗೆ ಹದಿನೈದು ದಿನ ಕೊಟ್ಟರು. ಅಷ್ಟರೊಳಗೆ ನಾನಲ್ಲದೆ ಇನ್ನೊಬ್ಬರಿಗೆ ಅದು ಅರ್ಥವಾಗುತ್ತದೆ ಎಂದು ತೋರಿಸಬೇಕು. ಇಲ್ಲವಾದರೆ ಎಲ್ಲರೂ ಬರೆಯುವ ಹಾಗೇ ಬರೆಯಬೇಕು. ಅವರ ಭಯ ಸುಳ್ಳಲ್ಲ. ರೈತ ಹೊಲ ಹದಮಾಡಿ, ಟೆಂಪೋ ತಂದು ನಿಂತಾಗ ಸಸಿ ಹೆಬ್ಬೆರಳಷ್ಟೇ ಇದ್ದರೆ, ಮುಂದಿನ ಸಲ ಆ ಟೆಂಪೋ ಬೇರೆ ನರ್ಸರಿಯ ಮುಂದೆ ನಿಲ್ಲುತ್ತದೆ.

ನಾನು ಮಾತ್ರ ನನ್ನಷ್ಟಕ್ಕೆ ವಾದ ಹೂಡುತ್ತಿದ್ದೆ. ಭಾಷೆಗೆ ಹೆದರುವ ಸೀಮೆಯೇ ಇದು? ನಮ್ಮಮ್ಮ ಹಸುವನ್ನು ತೆಲುಗಿನಲ್ಲಿ ಗದರುತ್ತಿದ್ದಳು, ಕಾಗದ ಕನ್ನಡದಲ್ಲಿ ಬರೆಯುತ್ತಿದ್ದಳು, ಬಳೆಯವರ ಹತ್ತಿರ ಚೌಕಾಸಿಗೆ ದಖ್ಖನಿ ಉರ್ದು. ಯಾವ ಭಾಷೆಗೆ ಎಷ್ಟು ಜನ ಎಂದು ಎಣಿಸಿದವಳಲ್ಲ. ಹಸು ಯಾವುದಕ್ಕೆ ತಿರುಗುತ್ತದೆ ಎಂದಷ್ಟೇ ನೋಡಿದವಳು.

ಈ ವಾದವನ್ನು ಪಕ್ಕದ ಅಂಗಡಿಯ ಬಷೀರ್ ಸಾಬರ ಮುಂದೆ ಇಟ್ಟೆ. ಸುಟ್ಟುಹೋದ ಪಂಪಿನ ಮೋಟಾರುಗಳಿಗೆ ಹೊಸ ತಂತಿ ಸುತ್ತುವುದು ಅವರ ಕಸುಬು. “ಹಸು ತಿರುಗುತ್ತೆ ಸಾರ್, ಸರಿ. ನಿಮ್ಮಮ್ಮ ಊರಲ್ಲಿಲ್ದಿದ್ರೆ ಹಾಲು ಕರೆಯೋರಿಗೂ ತೆಲುಗು ಬರಬೇಕಲ್ಲ?” ಎಂದು ಹೇಳಿ, ಕೆಲಸ ಮುಗಿದ ಮೋಟಾರಿನ ಮುಚ್ಚಳದ ಒಳಗೆ ಬಣ್ಣದಲ್ಲಿ ಏನೋ ಬರೆಯತೊಡಗಿದರು. ಎಷ್ಟು ಸುತ್ತು, ಯಾವ ದಪ್ಪದ ತಂತಿ. ವರ್ಷಗಟ್ಟಲೆ ನೋಡಿದ್ದೇನೆ, ಕೇಳಿರಲಿಲ್ಲ.

“ಯಾರಿಗೆ ಸಾಬರೇ ಇದು?”

“ಮುಂದೆ ಬಿಚ್ಚೋರಿಗೆ. ನಾನೇ ಬಿಚ್ಚಿದ್ರೂ ನಂಗೇನು ನೆನಪಿರುತ್ತಾ?”

ಕೋಣೆಗೆ ಬಂದು ಪ್ರೋಗ್ರಾಮಿನ ಮೊದಲ ಸಾಲಿನಿಂದ ಶುರುಮಾಡಿದೆ. ಪ್ರತಿ ಸಾಲಿನ ಮೇಲೂ, ಅದು ಏನು ಹೇಳುತ್ತದೆ, ಯಾಕೆ ಹೇಳುತ್ತದೆ ಎಂದು ಕನ್ನಡದಲ್ಲಿ ಬರೆದೆ. ಒಂದು ವಾರ ಹಿಡಿಯಿತು. ಮೊದಲ ದಿನದ ಟಿಪ್ಪಣಿಯಲ್ಲಿ ಕರೆಂಟು ಹೋದದ್ದೂ ಸೇರಿಕೊಂಡಿತ್ತು. ದಿನವೂ ದಿನಚರಿ ಬರೆಯುವ ನನ್ನ ಚಾಳಿ.

ಪ್ರಿಂಟು ತೆಗೆದು ನರ್ಸರಿಗೆ ಒಯ್ದೆ. ಮುನಿರತ್ನಮ್ಮ ಕನ್ನಡಕ ಹಾಕಿಕೊಂಡು, ಟ್ರೇಗಳ ನಡುವೆ ಕೂತು, ಬೆರಳಿಟ್ಟು ಓದಿದರು. ಮೂರನೆಯ ಪುಟದಲ್ಲಿ ಬೆರಳು ನಿಂತಿತು.

“ಟಮಾಟಕ್ಕೆ ಇಪ್ಪತ್ತೈದು ದಿನ ಅಂತ ಹಾಕಿದೀಯ. ಧನುರ್ಮಾಸದಲ್ಲೂ ಅಷ್ಟೇನಾ? ಆ ಚಳೀಲಿ ಸಸಿ ಕಣ್ಣೇ ಬಿಡಲ್ಲ ಕಣೋ. ಇನ್ನೈದು ದಿನ ಬೇಕು.”

ಚಳಿಯ ಲೆಕ್ಕ ನಾನು ಹಾಕಿರಲೇ ಇಲ್ಲ. ಅವರು ಟಿಪ್ಪಣಿಯ ಕೆಳಗಿನ ಸಾಲನ್ನು, ಆ ಅಪರೂಪದ ಭಾಷೆಯ ಸಾಲನ್ನೇ, ತೋರಿಸಿ ಕೇಳಿದರು, “ಇದೇ ತಾನೇ ಆ ಇಪ್ಪತ್ತೈದು?” ನನ್ನ ಜೇಬಿನ ಪೆನ್ನು ತೆಗೆದುಕೊಂಡು, ಪಕ್ಕದಲ್ಲಿ ಮೆಣಸಿನಕಾಯಿಯ ಸಾಲು ಹೇಗಿದೆಯೆಂದು ನೋಡಿ ನೋಡಿ, ಚಳಿಗಾಲದ ಟಮಾಟಕ್ಕೆ ಹೊಸ ಸಾಲೊಂದನ್ನು ಬರೆದರು. ಆವರಣ, ಅಲ್ಪವಿರಾಮ ಎಲ್ಲ ಸರಿ. ಪ್ರತಿ ಸಾಲಿನ ಕೊನೆಗೂ ಇಡಬೇಕಾದ ಚುಕ್ಕಿ ಮಾತ್ರ ಮರೆತಿದ್ದರು. ನಾನೂ ಮೊದಲ ತಿಂಗಳೆಲ್ಲ ಅದನ್ನೇ ಮರೆಯುತ್ತಿದ್ದೆ.

“ಇನ್ನೊಬ್ಬರನ್ನ ಹುಡುಕ್ಲಾ ಅಕ್ಕ?” ಎಂದೆ.

“ಯಾಕೆ, ನಾನು ಕಾಣಿಸ್ತಿಲ್ವಾ?”

ಮೊನ್ನೆ ಅಲ್ಲಿ ಕೂತಿದ್ದಾಗ ಯಾರೋ ರೈತ ಫೋನಿನಲ್ಲಿ, ಈ ಸಲ ದಿನ ಯಾಕೆ ಜಾಸ್ತಿ ಎಂದು ಜಗಳ ತೆಗೆದಿದ್ದ. ಮುನಿರತ್ನಮ್ಮ ತಾಳ್ಮೆಯಿಂದಲೇ ಹೇಳುತ್ತಿದ್ದರು, “ಚಳಿಗೆ ಐದು ದಿನ ಸೇರ್ಸಿದೀವಪ್ಪ. ನಂಬ್ದಿದ್ರೆ ಬಾ, ಸಾಲು ತೋರಿಸ್ತೀನಿ.”

ಹಾಸಿಗೆ ಹಿಡಿಯುವ ಯೋಚನೆ ನನಗಿನ್ನೂ ಇಲ್ಲ. ಹಿಡಿದರೂ, ಮಲಗಿದಲ್ಲಿಂದಲೇ ಒಂದು ಚುಕ್ಕಿ ನೆನಪಿಸಿದರೆ ಸಾಕು.