ಇರುವೆಗಳಿಗೊಂದು ಕೇಕ್

ಕ್ರೀಮ್ ಮಾಮನಿಗೆ ಜಂಬ ಜಾಸ್ತಿ. ಇರಲಿ ಬಿಡಿ, ಕೈಯಲ್ಲಿ ಕಸುಬಿದ್ದವನಿಗೆ ಅಷ್ಟಾದರೂ ಜಂಬ ಬೇಡವೇ? ಬೇಕರಿಯ ಹಿಂದಿನ ಕೋಣೆಯಲ್ಲಿ ನಿಂತು, ಕ್ರೀಮ್ ತುಂಬಿದ ಬೆಣ್ಣೆ ಕಾಗದದ ಕೋನನ್ನು ಅಂಗೈಯಲ್ಲಿ ಹಿಂಡಿದನೆಂದರೆ ಕೇಕಿನ ಮೇಲೆ ಗುಲಾಬಿ ಎಸಳೆಸಳಾಗಿ ಕೂರುತ್ತಿತ್ತು. ಬೀದಿಯ ಮಕ್ಕಳು ಅವನಿಗೆ ಇಟ್ಟ ಹೆಸರಿನಿಂದಲೇ ಈಗ ಆ ಮಕ್ಕಳ ಅಪ್ಪಂದಿರೂ ಕರೆಯುತ್ತಿದ್ದರು. ಆದರೆ ಪುಣ್ಯಾತ್ಮ ಜಂಬ ಕೊಚ್ಚುತ್ತಿದ್ದದ್ದು ಗುಲಾಬಿಯ ಬಗ್ಗೆ ಅಲ್ಲ, ಇರುವೆಯ ಬಗ್ಗೆ. "ಸಕ್ಕರೆ ಮೂಟೆ ನಡುವೆನೇ ನಮ್ಮ ಜೀವನ. ನನ್ನ ಕೋಣೇಲಿ ಒಂದೇ ಒಂದು ಇರುವೆ ತೋರಿಸಿ ನೋಡೋಣ, ಮೀಸೆ ಬೋಳಿಸ್ಕೋತೀನಿ!" ಎಂದು ಕೇಕ್ ಒಯ್ಯಲು ಬಂದವರಿಗೆಲ್ಲ ಸವಾಲು ಹಾಕುತ್ತಿದ್ದ. ಸುಳ್ಳೇನಲ್ಲ. ಅಲ್ಲಿ ಮೂಟೆಗಳು ಗೋಡೆ ಬಿಟ್ಟು ನಿಂತಿರುತ್ತಿದ್ದವು, ಡಬ್ಬಿಗಳ ಮುಚ್ಚಳ ಬಿಗಿಯಾಗಿರುತ್ತಿತ್ತು, ಮೇಜು ಒರೆಸಿದ ಬಟ್ಟೆಯನ್ನು ಅಲ್ಲೇ ಆಗಲೇ ಒಗೆಯಬೇಕಿತ್ತು.

ಇಂಥವನ ಮನೆಯ ನಡುಕೋಣೆಯಲ್ಲಿ ಒಂದು ಗಾಜಿನ ತೊಟ್ಟಿ. ಅದರೊಳಗೆ ಮರಳು, ಮರಳಿನ ಮೇಲೆ ಸನ್ಯಾಸಿ ಏಡಿಗಳು. ಊರು ಬಿಟ್ಟು ಹೊರಟಿದ್ದ ಗಿರಾಕಿ ಹೆಂಗಸೊಬ್ಬಳು "ಯಾರಾದ್ರೂ ಸಾಕೋರಿದ್ರೆ ಕೊಟ್ಬಿಡಿ" ಎಂದು ಬೇಕರಿಯಲ್ಲಿ ಬಿಟ್ಟುಹೋದ ಡಬ್ಬಿಯನ್ನು ಮಾಮ ಬೇರೆ ಯಾರಿಗೂ ಕೊಡದೆ ಮನೆಗೆ ತಂದಿದ್ದ. ಈ ಏಡಿಗಳ ಹಿಂಭಾಗ ಬಲು ಮೆತ್ತಗೆ. ಅದಕ್ಕೇ ಖಾಲಿ ಶಂಖವೊಂದು ಸಿಕ್ಕಿದರೆ ಹಿಂದಿನಿಂದ ತೂರಿಕೊಂಡು ಅದನ್ನೇ ಮನೆ ಮಾಡಿಕೊಳ್ಳುತ್ತವೆ, ಹೊತ್ತು ತಿರುಗುತ್ತವೆ, ಮೈ ಬೆಳೆದರೆ ಇನ್ನೂ ದೊಡ್ಡದೊಂದನ್ನು ಹುಡುಕುತ್ತವೆ. "ಮನೆ ಮೇಲೆ ಇಷ್ಟೊಂದು ಆಸೆ ಇಟ್ಕೊಂಡಿರೋದು ಎಂಥ ಸನ್ಯಾಸಿನೋ!" ಎಂದು ಅತ್ತೆ ಮೂಗು ಮುರಿದಿದ್ದರು. ಅತ್ತೆ ಎಂದರೆ ಹೆಂಡತಿಯ ತಾಯಿ. ಮಗಳ ಮನೆಯಲ್ಲೇ ಇದ್ದರು. ನಾಲಿಗೆಗೆ ಮಾತ್ರ ವಯಸ್ಸಾಗಿರಲಿಲ್ಲ.

ಏಡಿಗಳಲ್ಲಿ ದೊಡ್ಡದಕ್ಕೆ ಯಜಮಾನ ಎಂದು ಹೆಸರು. ಬಂದಾಗ ಕಡಲೆಕಾಳಿನಷ್ಟಿದ್ದವನು ಮಾಮನ ಕೈಯಲ್ಲೇ ನಿಂಬೆಹಣ್ಣಿನಷ್ಟಾಗಿದ್ದ. ಮಾಮನಿಗೆ ಅವನೆಂದರೆ ಜೀವ. ಯೋಚಿಸಿ ನೋಡಿ, ಈ ಮನುಷ್ಯ ಬೆಳಗಿನಿಂದ ಮಾಡಿದ್ದೆಲ್ಲ ಸಂಜೆಯೊಳಗೆ ಯಾರದೋ ಹೊಟ್ಟೆ ಸೇರುತ್ತಿತ್ತು. ಎಷ್ಟೇ ಚೆಂದದ ಹೂವು ಬಿಡಿಸಲಿ, ಎಲ್ಲರೂ ಚಪ್ಪಾಳೆ ತಟ್ಟಿ ಅದರ ನಡುವಿಗೇ ಚಾಕು ಹಾಕುತ್ತಿದ್ದರು. ಅವನ ಕೈಯಲ್ಲಿ ಬೆಳೆದು, ಬೆಳೆದ ಮೇಲೂ ಉಳಿದದ್ದು ಈ ಏಡಿ ಒಂದೇ. ಹೆಂಡತಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಬೈಯುತ್ತಿದ್ದಳು, ಅದು ಬೇರೆ ಮಾತು.

ಆ ಸಲ ಯಜಮಾನ ಪೊರೆ ಬಿಡುವುದಕ್ಕೆಂದು ಮರಳಿನೊಳಕ್ಕೆ ಇಳಿದ. ಏಡಿ ಬೆಳೆಯಬೇಕಾದರೆ ಹಳೆಯ ಚರ್ಮ ಕಳಚಲೇಬೇಕು, ಕಳಚಿದಾಗ ಮೈಯೆಲ್ಲ ಸುಲಿದ ಬಾಳೆಹಣ್ಣಿನಷ್ಟು ಮೆತ್ತಗೆ. ಕಚ್ಚಿ ಹಿಡಿಯುವ ಕೊಂಡಿಯನ್ನು ಎತ್ತುವ ಶಕ್ತಿಯೂ ಇರುವುದಿಲ್ಲ. ಮೈ ಗಟ್ಟಿಯಾಗುವ ತನಕ ವಾರಗಟ್ಟಲೆ ಕತ್ತಲಲ್ಲಿ ಸುಮ್ಮನೆ ಬಿದ್ದಿರಬೇಕು. ಕೆದಕಿದರೆ ಸತ್ತುಹೋಗುತ್ತದೆ, ಎತ್ತಿ ಬೇರೆ ಕಡೆ ಇಟ್ಟರೂ ಬದುಕುವ ಭರವಸೆಯಿಲ್ಲ.

ಸರಿಯಾಗಿ ಅಂಥ ಹೊತ್ತಲ್ಲೇ ವಕ್ಕರಿಸಿದವು ನೋಡಿ! ಮಧ್ಯಾಹ್ನ ಕೆಲಸ ಮುಗಿಸಿ ಬಂದ ಮಾಮ ಎಂದಿನಂತೆ ನೇರ ತೊಟ್ಟಿ ನೋಡಿ, ಉಂಡು, ಮತ್ತೊಮ್ಮೆ ಅದರ ಮೇಲೆ ಬಗ್ಗಿದ. ಮುಚ್ಚಳದ ಜಾಲರಿಯ ಮೇಲೆ ಕೆಂಪಿರುವೆಗಳ ಸಾಲು. ಒಂದಷ್ಟು ಆಗಲೇ ಗಾಜಿಳಿದು ಮರಳಿನ ಮೇಲೆ ಓಡಾಡುತ್ತಿದ್ದವು. ಚಿಕ್ಕ ಏಡಿಗಳನ್ನು ಗಬಗಬನೆ ಎತ್ತಿ ಒಂದು ಬಕೆಟ್ಟಿಗೆ ಹಾಕಿದ. ತಿನ್ನಲಿಟ್ಟಿದ್ದ ಕೊಬ್ಬರಿ ಚೂರು, ಹಣ್ಣಿನ ಹೋಳು ಎಲ್ಲ ತೆಗೆದೆಸೆದ. ಯಜಮಾನನನ್ನು ಎತ್ತುವುದು ಹೇಗೆ?

ಅಷ್ಟರಲ್ಲಿ ಅತ್ತೆ ಇರುವೆ ಪುಡಿಯ ಡಬ್ಬಿ ಹಿಡಿದು ಬಂದೇಬಿಟ್ಟರು. ಬಗ್ಗಿಸುವುದೊಂದೇ ಬಾಕಿ, ಮಾಮ ಹಾರಿ ಕೈ ಹಿಡಿದ.

"ಅತ್ತೆ, ನಿಮ್ಮ ದಮ್ಮಯ್ಯ, ಹಾಕ್ಬೇಡಿ! ಇರುವೆ ಸಾಯೋ ಪುಡೀಲಿ ಏಡೀನೂ ಸಾಯುತ್ತೆ."

"ಹಾಗಾದ್ರೆ ಇರುವೆಗಳಿಗೆ ಕೈಮುಗಿದು, ಹೋಗ್ಬನ್ನಿ ಅಂತ ಹೇಳ್ಬೇಕಾ ಅಳಿಯಂದ್ರೇ?"

"ಏನಾದ್ರೂ ಮಾಡ್ತೀನಿ, ಪುಡಿ ಮಾತ್ರ ಬೇಡ."

ಅತ್ತೆ ಡಬ್ಬಿ ಮುಚ್ಚಿದರು. ಬಾಯಿ ಜೋರಾದರೂ ಮನಸ್ಸು ಕೆಟ್ಟದ್ದಲ್ಲ. "ಮೇಜಿನ ಕಾಲಿಗೆ ನೀರಿಡಿ ಮತ್ತೆ. ನಾವು ಊಟದ ಬೀರೂಗೆ ಹಾಗೇ ಮಾಡ್ತಿದ್ವಿ" ಎಂದರು.

ಮಾಮನಿಗೆ ಅಷ್ಟು ಸಾಕಾಯಿತು. ಬೇಕರಿಗೆ ಓಡಿ ಹಳೆಯ ಕೇಕ್ ಟಿನ್ನುಗಳನ್ನು ಹೊತ್ತು ತಂದ. ಮೇಜನ್ನು ಗೋಡೆಯಿಂದ ಈಚೆಗೆ ಎಳೆದು, ಒಂದೊಂದು ಕಾಲನ್ನೂ ಒಂದೊಂದು ಟಿನ್ನಿನಲ್ಲಿ ನಿಲ್ಲಿಸಿ, ಸೋಪು ಬೆರೆಸಿದ ನೀರು ತುಂಬಿದ. ಇರುವೆ ಓಡಾಡಿದ ದಾರಿಯನ್ನೆಲ್ಲ ಒದ್ದೆ ಬಟ್ಟೆಯಲ್ಲಿ ತಿಕ್ಕಿ ಒರೆಸಿದ. ಕಣ್ಣಿಗೆ ಬಿದ್ದ ಇರುವೆಗಳನ್ನು ಕೇಕಿಗೆ ಬೆಣ್ಣೆ ಸವರುವ ಮೆತ್ತನೆಯ ಬ್ರಷ್ಷಿನಿಂದ ಎತ್ತಿ ತೆಗೆದ. ಆಮೇಲೆ ಮೀಸೆ ತಿರುವಿ, "ಈಗ ಬರ್ಲಿ ನೋಡೋಣ, ಯಾವನು ಬರ್ತಾನೋ!" ಎಂದ.

ಮರುದಿನ ಮಧ್ಯಾಹ್ನ ಅವನು ಉಂಡು ಏಳುವಷ್ಟರಲ್ಲಿ ಎಲ್ಲರೂ ಬಂದಿದ್ದರು.

ಮಾಮನಿಗೆ ತಲೆ ಕೆಟ್ಟುಹೋಯಿತು. ಟಿನ್ನಿನಲ್ಲಿ ನೀರು ಹಾಗೇ ಇದೆ, ಮೇಜು ಗೋಡೆಗೆ ತಾಗಿಲ್ಲ, ಆದರೂ ಮುಚ್ಚಳದ ಮೇಲೆ ಸಾಲೋ ಸಾಲು. ಸಿಟ್ಟನ್ನು ಎಲ್ಲಾದರೂ ಹಾಕಬೇಕಲ್ಲ, ಹೆಂಡತಿಯ ಮೇಲೆ ಹಾಕಿದ. "ಎಲ್ಲಾ ನಿನ್ನ ಅಡುಗೆಮನೆ ಕೃಪೆ! ಬೆಲ್ಲದ ಡಬ್ಬಿ ಮುಚ್ಚಳ ನೆಟ್ಟಗೆ ಹಾಕಿದ್ದೀಯಾ ಯಾವತ್ತಾದ್ರೂ?"

ಹೆಂಡತಿ ದರ್ಜಿ ಅಂಗಡಿಯ ಅಂಗಿಗಳಿಗೆ ಮನೆಯಲ್ಲೇ ಕೂತು ಕಾಜಾ ಹೊಲಿದು ಗುಂಡಿ ಹಾಕಿಕೊಡುತ್ತಿದ್ದಳು. ಹೊಲಿಗೆಯಿಂದ ತಲೆ ಎತ್ತಲೇ ಇಲ್ಲ. "ನನ್ನ ಡಬ್ಬಿ ನೋಡ್ಕೊಂಡು ಬನ್ನಿ ಹೋಗಿ" ಎಂದಳು. ಮಾಮ ಹೋಗಿ ನೋಡಿದ. ಡಬ್ಬಿಗಳು ಬೇಕರಿಯದ್ದಕ್ಕಿಂತ ಬಿಗಿಯಾಗಿದ್ದವು. ಅದನ್ನು ಒಪ್ಪಿಕೊಳ್ಳುವುದಕ್ಕಾಗುತ್ತದೆಯೇ? ಇನ್ನೆರಡು ದಿನ ಹಾಗೇ ಗೊಣಗಿದ. ದಿನವೂ ಬ್ರಷ್ಷಿನಿಂದ ತೆಗೆಯುವುದು, ದಿನವೂ ಅವು ಬರುವುದು. ಊಟ ಸೇರಲಿಲ್ಲ.

ಕೊನೆಗೆ ಹೆಂಡತಿಗೇ ತಡೆಯಲಾಗಲಿಲ್ಲ. "ರೀ, ಒಂದು ಮಾತು ಹೇಳ್ತೀನಿ, ಕೂಗಾಡ್ಬೇಡಿ. ನಾನು ಬೆಳಗ್ಗೆಯಿಂದ ಇಲ್ಲೇ ಕೂತಿರ್ತೀನಲ್ಲ? ಬೆಳಗ್ಗೆಯೆಲ್ಲ ಒಂದೂ ಬರಲ್ಲ. ನೀವು ಬಂದ ಮೇಲೇ ಬರೋದು."

"ಏನು, ನಾನೇನು ಕರ್ಕೊಂಡು ಬರ್ತೀನಾ ಅವನ್ನ?" ಎಂದು ಗುಡುಗಿದ ಮಾಮ, ಗುಡುಗುತ್ತಲೇ ತಲೆ ಎತ್ತಿದ. ಮೇಲೆ ಕಿಟಕಿಯ ಸರಳಿನಿಂದ ಬಾಗಿಲ ಮೊಳೆಯವರೆಗೆ ಬಟ್ಟೆ ಹಾಕುವ ಹಗ್ಗ. ಹಗ್ಗದ ಮೇಲೆ ಅವನ ಕೆಲಸದ ಅಂಗಿ. ಮನೆಗೆ ಬಂದವನೇ ಏಡಿ ನೋಡುವ ಆತುರದಲ್ಲಿ ಅಂಗಿ ಬಿಚ್ಚಿ, ತೊಟ್ಟಿಯ ನೆತ್ತಿಯ ಮೇಲೇ ನೇತುಹಾಕುವುದು ಅವನ ಅಭ್ಯಾಸ. ಸಂಜೆ ಹೆಂಡತಿ ಅದನ್ನು ಒಗೆಯಲು ಒಯ್ಯುತ್ತಿದ್ದಳು. ಅಂಗಿಯ ಮಡಿಕೆ ಮಡಿಕೆಯಲ್ಲೂ ಪುಡಿ ಸಕ್ಕರೆ, ಜೇಬಿನಂಚಿನಲ್ಲಿ ಒಣಗಿದ ಕ್ರೀಮು. ಕಿಟಕಿಯಿಂದ ಹಗ್ಗಕ್ಕೆ, ಹಗ್ಗದಿಂದ ಅಂಗಿಗೆ, ಅಂಗಿಯ ತೋಳಿನಿಂದ ನೇರ ತೊಟ್ಟಿಯ ಮುಚ್ಚಳಕ್ಕೆ ಇರುವೆಗಳು ಮದುವೆ ದಿಬ್ಬಣದಂತೆ ಇಳಿಯುತ್ತಿದ್ದವು.

ಮಾಮನ ಮುಖ ಇಂಗು ತಿಂದ ಮಂಗನಂತಾಯಿತು. ಹೆಂಡತಿ ಸೂಜಿ ಕೆಳಗಿಟ್ಟು ನಗಲು ಶುರುಮಾಡಿದಳು. ಅತ್ತೆಯಂತೂ ಸೆರಗು ಬಾಯಿಗಿಟ್ಟುಕೊಂಡರೂ ನಗು ನಿಲ್ಲಲಿಲ್ಲ. "ಅಳಿಯಂದ್ರೇ, ಮೀಸೆ ಯಾವಾಗ ಬೋಳಿಸೋದು?" ಎಂದು ಬೇರೆ ಕೇಳಿದರು.

"ಬೋಳಿಸಿ ಅತ್ತೆ, ಆಮೇಲೆ ತಲೇನೂ ಬೋಳಿಸಿ" ಎಂದ ಮಾಮ ಅಂಗಿಯನ್ನು ಕಿತ್ತು ಬಚ್ಚಲಿಗೆ ಎಸೆದ, ಹಗ್ಗವನ್ನೂ ಬಿಚ್ಚಿದ. ಹೆಂಡತಿಯ ಮುಂದೆ ನಿಂತು, "ತಪ್ಪು ನಂದೇ ಕಣೇ. ಸುಮ್ಸುಮ್ನೆ ನಿನ್ನ ಬೈದೆ" ಎಂದ. ಅವಳು ನಗು ನಿಲ್ಲಿಸಿ, "ಅದಿರ್ಲಿ, ಅಲ್ಲಿ ನೋಡಿ" ಎಂದು ತೊಟ್ಟಿಯತ್ತ ಕೈ ತೋರಿಸಿದಳು.

ದಾರಿ ಕಡಿದುಹೋಗಿ ಒಳಗೇ ಸಿಕ್ಕಿಬಿದ್ದ ಇರುವೆಗಳು ಮರಳಿನ ಮೇಲೆ ದಿಕ್ಕೆಟ್ಟು ಓಡುತ್ತಿದ್ದವು. ಮೂಲೆಯಲ್ಲಿ ಸಾಸಿವೆಯಷ್ಟು ಒಂದು ತೂತು. ಅದರೊಳಗಿಂದ ಒಂದು ಇರುವೆ ಮರಳಿನ ಕಣವೊಂದನ್ನು ಕಚ್ಚಿಕೊಂಡು ಮೇಲೆ ಬಂತು. ಯಜಮಾನ ಇಳಿದದ್ದು ಅದೇ ಮೂಲೆಯಲ್ಲಿ.

ಕೆಳಗೆ ಕೊಂಡಿಯೂ ಎತ್ತಲಾಗದೆ ಬಿದ್ದಿರುವ ಜೀವವನ್ನು ಇವು ಮುತ್ತಿದರೆ ಮುಗಿಯಿತು. ಅಗೆಯುವಂತಿಲ್ಲ, ಪುಡಿ ಹಾಕುವಂತಿಲ್ಲ, ನೀರು ಸುರಿಯುವಂತಿಲ್ಲ. ಮಾಮ ಒಂದು ಗಳಿಗೆ ಕೈ ಚೆಲ್ಲಿ ಕೂತ. ಆಮೇಲೆ ತಟಕ್ಕನೆ ಎದ್ದ.

"ಇವನ್ನ ಓಡಿಸೋಕಾಗಲ್ಲ ಕಣೇ. ಕರೀಬೇಕು."

ಬೇಕರಿಗೆ ಹೋದವನು ಅಂಗೈಯಗಲದ ಕೇಕೊಂದನ್ನೂ ಕ್ರೀಮ್ ತುಂಬಿದ ಕೋನನ್ನೂ ಹಿಡಿದು ಬಂದ. ಕ್ರೀಮಿಗೆ ಧಾರಾಳವಾಗಿ ಜೇನು ಕಲಸಿದ್ದ. ತೊಟ್ಟಿಯ ಪಕ್ಕ ಒಂದು ಸ್ಟೂಲು ಇಟ್ಟ. ಅದರ ಕಾಲಿಗೂ ನೀರು ಬೇಕು, ಟಿನ್ನುಗಳು ಮುಗಿದಿದ್ದವು. ಅತ್ತೆ ಒಳಗೆ ಹೋಗಿ, ಯಾರಿಗೂ ಮುಟ್ಟಲು ಕೊಡದ ತಮ್ಮ ಸ್ಟೀಲ್ ಬಟ್ಟಲುಗಳನ್ನು ತಂದು ಸ್ಟೂಲಿನ ಕಾಲಡಿ ತಾವೇ ಇಟ್ಟರು. ಹೆಂಡತಿ ಬಟ್ಟೆ ಅಳೆಯುವ ಮರದ ಸ್ಕೇಲು ಕೊಟ್ಟಳು. ಅದರ ಒಂದು ತುದಿ ಮರಳಿನ ಮೇಲೆ, ಇನ್ನೊಂದು ತುದಿ ಸ್ಟೂಲಿನ ಮೇಲೆ, ಅಲ್ಲಿ ಕೇಕು. ಹೊರಗಿನ ಇರುವೆ ಒಳಗೆ ಬರುವಂತಿಲ್ಲ, ಒಳಗಿನದಕ್ಕೆ ಇರುವುದು ಇದೊಂದೇ ದಾರಿ.

ಮಾಮ ಉಸಿರು ಬಿಗಿಹಿಡಿದು ಕೋನು ಹಿಂಡಿದ. ಆ ತೂತಿನ ಬಾಯಿಂದಲೇ ಶುರುಮಾಡಿ ಸ್ಕೇಲಿನ ಉದ್ದಕ್ಕೂ ನೂಲಿನಷ್ಟು ಸಣ್ಣ ಎಳೆ ಬಿಟ್ಟ. ಎಲ್ಲೂ ತುಂಡಾಗಲಿಲ್ಲ, ಎಲ್ಲೂ ದಪ್ಪವಾಗಲಿಲ್ಲ. ಕೇಕು ತಲುಪಿದ ಮೇಲೆ ಅವನ ಕೈ ನಿಲ್ಲಲಿಲ್ಲ, ಕೈಯ ಚಟ ಎಲ್ಲಿ ಬಿಡುತ್ತದೆ? ಗುಲಾಬಿ ಬಿಡಿಸಿದ, ಎಲೆ ಬಿಡಿಸಿದ, ಅಂಚಿಗೆ ಬಳ್ಳಿ ಹಬ್ಬಿಸಿದ.

"ಇರುವೆಗೆ ಇಷ್ಟು ಚೆಂದದ ಕೇಕಾ! ನನ್ನ ಮಗಳ ಮದುವೇಲಿ ಇದರ ಅರ್ಧನೂ ಮಾಡ್ಲಿಲ್ಲ ನೀವು."

"ಅಮ್ಮ, ನೀನು ಸುಮ್ನಿರು" ಎಂದಳು ಮಗಳು. ಅವಳ ಕಣ್ಣು ತೂತಿನ ಮೇಲೇ ಇತ್ತು.

ಮೂವರೂ ನೆಲದ ಮೇಲೆ ಕೂತರು. ಒಂದು ಇರುವೆ ಎಳೆಯ ಹತ್ತಿರ ಬಂತು, ಮೀಸೆ ಆಡಿಸಿತು, ವಾಪಸ್ಸು ಹೋಯಿತು. ಮಾಮ ಹಲ್ಲು ಕಡಿದ. ಇನ್ನೊಂದು ಬಂತು, ಸ್ಕೇಲು ಹತ್ತಿತು, ಕೇಕಿನವರೆಗೂ ನಡೆದು, ಗುಲಾಬಿಗೆ ಬಾಯಿ ಹಾಕಿ, ತಿರುಗಿ ಓಡಿತು. ಆಮೇಲೆ ನೋಡಬೇಕಿತ್ತು! ತೂತಿನಿಂದ, ಶಂಖಗಳ ಸಂದಿಯಿಂದ, ಗಾಜಿನ ಮೂಲೆಯಿಂದ ಒಂದರ ಹಿಂದೊಂದು ಹೊರಟವು. "ಬಂದ್ವು ಕಣೇ, ಬಂದ್ವು!" ಎಂದು ಮಾಮ ಪಿಸುಗುಟ್ಟಿದ್ದು ಪಕ್ಕದ ಮನೆಗೂ ಕೇಳಿರಬೇಕು. ಸಂಜೆಯ ಹೊತ್ತಿಗೆ ಕೇಕು ಕೆಂಪಗಾಗಿತ್ತು, ಮರಳು ಖಾಲಿಯಾಗಿತ್ತು. ಅವನು ಸ್ಕೇಲು ಎತ್ತಿದ. ಕೇಕನ್ನು ತಟ್ಟೆಸಮೇತ ಬೀದಿಯ ಕೊನೆಯ ಮೋರಿಯಾಚೆ ಇಟ್ಟು ಬರುವಾಗ ಅವನ ಎದೆ ಉಬ್ಬಿತ್ತು. "ತಿನ್ರಪ್ಪಾ ತಿನ್ರಿ. ನನ್ನ ಮನೆ ಕಡೆ ಮಾತ್ರ ತಲೆ ಹಾಕ್ಬೇಡಿ." ಮರುದಿನ ಇನ್ನೊಂದು ಕೇಕು ಇಟ್ಟು ನೋಡಿದ. ಒಂದು ಇರುವೆಯೂ ಬರಲಿಲ್ಲ.

ಇರುವೆಯನ್ನು ಗೆದ್ದದ್ದಾಯಿತು. ಆದರೆ ಕೆಳಗಿದ್ದವನು ಬದುಕಿದ್ದಾನೋ ಇಲ್ಲವೋ ಹೇಳುವವರು ಯಾರು? ಅವು ಅಷ್ಟರೊಳಗೇ ಅವನನ್ನು ಮುಟ್ಟಿಬಿಟ್ಟಿದ್ದರೆ? ಮಾಮ ದಿನವೂ ತೊಟ್ಟಿಯ ಮೇಲೆ ಮೂಗಿಟ್ಟು ವಾಸನೆ ಹಿಡಿಯುತ್ತಿದ್ದ. ಸತ್ತಿದ್ದರೆ ನಾರಬೇಕು, ನಾರುತ್ತಿರಲಿಲ್ಲ. ಆದರೂ ಮನಸ್ಸು ಕೇಳಬೇಕಲ್ಲ? ಮರಳು ಒಣಗದಂತೆ ನೀರು ಚಿಮುಕಿಸಿ, ಚಿಕ್ಕ ಏಡಿಗಳಿಗೆ ಬೇರೆ ಡಬ್ಬಿಯಲ್ಲಿ ಊಟ ಹಾಕಿ, ಕಾದ. ವಾರಗಳು ಹೋದವು. ಬೇಕರಿಯಲ್ಲಿ ಸವಾಲು ಹಾಕುವುದನ್ನೇ ಬಿಟ್ಟ. ಹೆಂಡತಿ ಗುಂಡಿ ಹಾಕುತ್ತ ಕೂತಲ್ಲಿಂದ ನಡುನಡುವೆ ಎದ್ದು ಹೋಗಿ ಗಾಜಿನೊಳಗೆ ಇಣುಕಿ ಬರುತ್ತಿದ್ದಳು. ಅದನ್ನು ಅವನಿಗೆ ಹೇಳುತ್ತಿರಲಿಲ್ಲ.

ಒಂದು ದಿನ ಬೆಳಿಗ್ಗೆ ಮಾಮ ಬೇಕರಿಯಲ್ಲಿ ದೊಡ್ಡ ಕೇಕೊಂದಕ್ಕೆ ಹೂವು ಬಿಡಿಸುತ್ತಿದ್ದಾಗ ಹೆಂಡತಿಯ ಫೋನು ಬಂತು. ಅವಳಿಗೆ ಏದುಸಿರು.

"ರೀ... ಬನ್ನಿ. ಎದ್ದಿದ್ದಾನೆ."

ಎಸಳು ಅರ್ಧಕ್ಕೇ ನಿಂತಿತು. ಮಾಮ ಕೋನು ಕೆಳಗಿಟ್ಟು, ಕೈಯನ್ನೂ ಒರೆಸದೆ ಬೀದಿಗೆ ಹಾರಿದ. ಹಿಂದಿನಿಂದ ಮಾಲೀಕ ಕೂಗಿದ್ದು ಕೇಳಿಸಿತು, ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಯ ಬಾಗಿಲಲ್ಲೇ ಅತ್ತೆ ಅವನನ್ನು ತಡೆದು, ಅಂಗಿ ಬಿಚ್ಚಿಸಿ, ಕೈ ತೊಳೆಸಿ ಒಳಗೆ ಬಿಟ್ಟರು.

ಮರಳಿನ ಮೇಲೆ ಯಜಮಾನ ನಡೆಯುತ್ತಿದ್ದ. ಬಣ್ಣ ಹೊಸದು, ಕಾಲುಗಳು ಹೊಳೆಯುತ್ತಿದ್ದವು, ಹಳೆಯ ಶಂಖ ಚಿಕ್ಕದಾಗಿ ಮೈ ಹೊರಗೆ ಚಾಚಿತ್ತು. ಒಂದು ಕಾಲೂ ಊನವಾಗಿರಲಿಲ್ಲ. ಮಾಮ ಮೆಲ್ಲಗೆ ಅಂಗೈ ಚಾಚಿದ. ಏಡಿ ತಡೆದು ನಿಂತು, ಕಣ್ಣಾಡಿಸಿ, ಅಂಗೈ ಹತ್ತಿ, ಹೆಬ್ಬೆರಳ ಬುಡವನ್ನು ಕಚಕ್ಕನೆ ಹಿಡಿಯಿತು.

"ಅಯ್ಯಯ್ಯೋ!" ಎಂದು ಕಿರುಚಿದ ಮಾಮ ಮರುಗಳಿಗೆಯೇ ಗಟ್ಟಿಯಾಗಿ ನಗತೊಡಗಿದ. "ನೋಡೇ, ಕೊಂಡಿ ನೋಡೇ! ಎಷ್ಟು ಗಟ್ಟಿ ಹಿಡಿದಿದ್ದಾನೆ! ಅತ್ತೆ, ನೋಡಿ ಅತ್ತೆ, ಯಾವ ಇರುವೆನೂ ಇವನ ಕೂದಲು ಕೊಂಕಿಸಿಲ್ಲ!" ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಬೆರಳಲ್ಲಿ ರಕ್ತ ಇಣುಕುತ್ತಿತ್ತು. ಎರಡನ್ನೂ ಅವನು ಒರೆಸಿಕೊಳ್ಳಲಿಲ್ಲ.

"ಬೆರಳು ಕತ್ತರಿಸಿಯಾನು ರೀ! ತಡೀರಿ, ನೀರು ತರ್ತೀನಿ, ನೀರಲ್ಲಿ ಇಟ್ರೆ ಬಿಡ್ತಾನೆ" ಎಂದು ಹೆಂಡತಿ ಅಡುಗೆಮನೆಗೆ ಓಡಲು ಹೊರಟಳು.

"ಬೇಡ ಕಣೇ" ಎಂದ ಮಾಮ. "ಇನ್ನೂ ಸ್ವಲ್ಪ ಹೊತ್ತು ಹಿಡ್ಕೊಂಡಿರ್ಲಿ."