ಗೆರೆಯವರೆಗೆ

ಲಾರಿಗಳು ಡೀಸೆಲ್ ಹಾಕಿಕೊಳ್ಳುವ ಸಾಲಿಗೆ ಒಂದು ಕಟ್ಟಳೆಯಿದೆ. ಟ್ಯಾಂಕ್ ತುಂಬಿದ ಮೇಲೆ ಪಂಪಿನ ಮುಂದೆ ನಿಲ್ಲಬಾರದು. ಗಾಡಿಯನ್ನು ಮುಂದಿನ ಬಿಳಿ ಗೆರೆಯವರೆಗೆ ತಂದು ನಿಲ್ಲಿಸಿ, ಆಮೇಲೆ ಕಾಫಿಗಾದರೂ ಹೋಗಲಿ, ಮುಖವಾದರೂ ತೊಳೆಯಲಿ, ಹಿಂದಿನವನಿಗೆ ಜಾಗ ಸಿಕ್ಕಿರುತ್ತದೆ. ಇದನ್ನು ಮುರಿದವರನ್ನು ಲೊವೀನಾ ಟ್ರಾಯರ್ ಸುಮ್ಮನೆ ಬಿಟ್ಟವಳಲ್ಲ. ಗಾಡಿಯನ್ನು ಪಂಪಿಗೆ ಒರಗಿಸಿ ಊಟಕ್ಕೆ ಕೂತ ಗಂಡಸರನ್ನು ಮೇಜಿನಿಂದ ಎಬ್ಬಿಸಿ ಹೊರಗೆ ಕರೆತಂದಿದ್ದಾಳೆ. "ನಿಮ್ಮಪ್ಪನ ಕೊಟ್ಟಿಗೇನಾ ಇದು?" ಎಂದು ಕೇಳಿದ್ದಾಳೆ.

ಆ ಲೊವೀನಾಳೇ ಒಂದು ಶನಿವಾರ ಮಧ್ಯಾಹ್ನ, ನೆಬ್ರಾಸ್ಕಾದ ಹೆದ್ದಾರಿ ಬದಿಯ ಬಂಕಿನಲ್ಲಿ, ಕೈಯಲ್ಲಿ ಖಾಲಿ ಕ್ಯಾನು ಹಿಡಿದುಕೊಂಡು ಪಂಪಿನ ಮುಂದೆ ನಿಂತುಬಿಟ್ಟಿದ್ದಳು.

ಅವಳ ಕೆಲಸ ಮನೆ ಎಳೆಯುವುದು. ಇಂಡಿಯಾನಾದ ಕಾರ್ಖಾನೆಗಳಲ್ಲಿ ತಯಾರಾಗುವ, ಚಕ್ರದ ಮೇಲಿನ ಮನೆಗಳನ್ನು ತನ್ನ ಪಿಕಪ್ಪಿನ ಹಿಂದೆ ಕಟ್ಟಿಕೊಂಡು ದೂರದೂರದ ಮಾರಾಟಗಾರರಿಗೆ ತಲುಪಿಸುತ್ತಾಳೆ. ಮೊದಲು ಅಂಥದೇ ಒಂದು ಕಾರ್ಖಾನೆಯಲ್ಲಿ ಅಡುಗೆಮನೆಯ ಕಪಾಟುಗಳಿಗೆ ಬಾಗಿಲು ಕೂರಿಸುತ್ತಿದ್ದಳು. ಅದು ಮುಚ್ಚಿತು. ಬೇರೆಯವರು ಬೇರೆ ಕೆಲಸ ಹುಡುಕಿಕೊಂಡರು. ಲೊವೀನಾ ಡೀಸೆಲ್ ಪಿಕಪ್ ಕೊಂಡಳು. ಆ ಹೊತ್ತಿಗೆ ಗಂಡ ಇರಲಿಲ್ಲ, ಮಕ್ಕಳು ಆಗಿರಲಿಲ್ಲ. ರಸ್ತೆಯಾದರೂ ಇರಲಿ ಅಂದುಕೊಂಡಿದ್ದಳು.

ಎಷ್ಟು ಮನೆಗಳನ್ನು ಎಳೆದಿದ್ದಾಳೋ ಲೆಕ್ಕವಿಲ್ಲ, ಒಂದರಲ್ಲೂ ಮಲಗಿಲ್ಲ. ಹಾಸಿಗೆಗಳಿಗೆ ಪ್ಲಾಸ್ಟಿಕ್ ಹೊದಿಸಿರುತ್ತದೆ, ಬಾಗಿಲಿಗೆ ಬೀಗ ಇರುತ್ತದೆ. ಒಳಗೆ ಕಾಲಿಡಕೂಡದು ಎಂಬುದು ಕೆಲಸದ ಕರಾರು. ಅವಳು ಪಿಕಪ್ಪಿನ ಹಿಂದಿನ ಸೀಟಿನಲ್ಲಿ ಮಂಡಿ ಮಡಚಿ ಮಲಗುತ್ತಾಳೆ, ಬೆನ್ನ ಹಿಂದೆ ಯಾರೋ ಮುಂದೆ ಮಲಗಲಿರುವ ದೊಡ್ಡ ಮಂಚವಿರುತ್ತದೆ. ಮೊದಮೊದಲು ಇದನ್ನು ಹೇಳಿಕೊಂಡು ನಗುತ್ತಿದ್ದಳು. ಈಚೆಗೆ ಮಂಡಿ ನೆಟ್ಟಗಾಗಲು ಬೆಳಗಿನ ಅರ್ಧ ಹೊತ್ತು ಹಿಡಿಯುತ್ತದೆ. ಬಲಗೈ ಗೇರಿನ ಕಡೆಗೆ ಹೋದಾಗಲೆಲ್ಲ ಭುಜದೊಳಗೇನೋ ಕಟಕ್ ಅನ್ನುತ್ತದೆ. ಊರಲ್ಲಿ ಹಣ್ಣು ತುಂಬಿದ ಪೈ ಬೇಯಿಸಿ ಮಾರುವ ತಂಗಿ ಎಡ್ನಾ, ಅಂಗಡಿಯ ಮಹಡಿಯ ಮೇಲೊಂದು ಕೋಣೆಗೆ ಸುಣ್ಣ ಹೊಡೆಸಿ ಕಾಯುತ್ತಿದ್ದಾಳೆ. ಪ್ರತಿ ಭಾನುವಾರ ಫೋನಿನಲ್ಲಿ ಅದೇ ಮಾತು: "ಸಾಕು ಅನ್ನೋಕೆ ನಿಂಗೇನು ಬಾಯಿ ಬರಲ್ವೇನೆ ಲೊವೀ?"

ಆ ದಿನ ಬೆಳಗಿನಿಂದ ಎದುರುಗಾಳಿ. ಹಿಂದಿನ ಮನೆ ಹಾಯಿಯ ಹಾಗೆ ಎಳೆದಾಡುತ್ತಿತ್ತು. ಡೀಸೆಲ್ ಮುಳ್ಳು ತಳ ಮುಟ್ಟಿತ್ತು. ಹೊಗೆ ಶುದ್ಧ ಮಾಡುವ ಯೂರಿಯಾ ನೀರೂ ಮುಗಿಯುತ್ತ ಬಂದಿದೆ ಎಂದು ದೀಪ ಹೇಳುತ್ತಿತ್ತು. ಬಂಕಿಗೆ ಬಂದವಳು ಮೊದಲು ಕ್ಯಾನಿನಲ್ಲಿದ್ದ ಯೂರಿಯಾ ನೀರನ್ನು ಸುರಿದಳು. ಕ್ಯಾನು ಹಗುರವಾಗುತ್ತ ಹೋದದ್ದು ತೋಳಿಗೆ ಹಿತವಾಗಿತ್ತು. ಗಾಳಿಗೆ ಕಣ್ಣು ಮುಚ್ಚಿಕೊಂಡಿದ್ದಳು. ತೆರೆದಾಗ ಯೂರಿಯಾ ತೊಟ್ಟಿಯ ನೀಲಿ ಮುಚ್ಚಳ ಮುಚ್ಚಿದ ಹಾಗೇ ಇತ್ತು. ಪಕ್ಕದ ಹಸಿರು ಮುಚ್ಚಳ ಅವಳ ಕೈಯಲ್ಲಿತ್ತು.

ಡೀಸೆಲ್ ಟ್ಯಾಂಕಿಗೇ ಹೊಯ್ದಿದ್ದಳು.

ಈ ದಾರಿಯಲ್ಲಿ ದುಡಿಯುವವರಿಗೆ ಇದಕ್ಕಿಂತ ಕೆಟ್ಟ ಕೈತಪ್ಪು ಇನ್ನೊಂದಿಲ್ಲ. ಆದರೆ ಎಂಜಿನ್ ಚಾಲೂ ಮಾಡುವವರೆಗೆ ಏನೂ ಕೆಟ್ಟಿರುವುದಿಲ್ಲ. ಟ್ಯಾಂಕ್ ಬರಿದು ಮಾಡಿ ತೊಳೆದರೆ ಮುಗಿಯಿತು. ಚಾವಿ ತಿರುಗಿಸಿದರೆ ಮಾತ್ರ ಆ ನೀರು ಎಂಜಿನ್ನಿನ ನರನರಕ್ಕೂ ಹೋಗುತ್ತದೆ. ಆಮೇಲೆ ಆ ಗಾಡಿಗೆ ಮದ್ದಿಲ್ಲ, ಅವಳ ವಯಸ್ಸಿಗೆ ಇನ್ನೊಂದು ಗಾಡಿ ಕೊಳ್ಳುವ ಮಾತೂ ಇಲ್ಲ.

ಹಿಂದಿನಿಂದ ಹಾರನ್ ಕೇಳಿತು. ದನ ತುಂಬಿದ ಲಾರಿ. ಇಳಿದು ಬಂದವನು ಹೊಟ್ಟೆಯ ಮೇಲೆ ಬೆಲ್ಟ್ ಏರಿಸಿಕೊಳ್ಳುತ್ತ ಕೇಳಿದ: "ಏನ್ ಮೇಡಂ, ಮನೆ ಜೊತೇಲೇ ತಂದಿದೀರಿ ಅಂತ ಇಲ್ಲೇ ಗೃಹಪ್ರವೇಶ ಮಾಡ್ತೀರೋ ಹೇಗೆ?"

"ಗಾಡಿ ತೆಗೆಯೋಕಾಗಲ್ಲಪ್ಪ."

"ಆಗಲ್ಲ ಅಂದ್ರೆ? ಬಿಸಿಲಲ್ಲಿ ದನ ನಿಂತಿವೆ ನನ್ನ ಹಿಂದೆ. ಲಾರಿ ಓಡ್ತಾ ಇದ್ರೆ ಅವಕ್ಕೆ ಗಾಳಿ, ನಿಂತ್ರೆ ಬೇಯ್ತವೆ. ಗೆರೆ ಹತ್ರ ಹೋಗಿ ನಿಂತ್ಕೊಳ್ಳಿ, ಅಲ್ಲಿ ಬೇಕಾದ್ರೆ ಸಂಸಾರ ಹೂಡಿ. ಚಾವಿ ತಿರುಗಿಸೋಕೆ ಎಷ್ಟು ಹೊತ್ತು?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅವನ ಜಾಗದಲ್ಲಿ ತಾನಿದ್ದರೆ ಇನ್ನೂ ಎರಡು ಮಾತು ಹೆಚ್ಚಿಗೆ ಆಡಿರುತ್ತಿದ್ದಳು. ಲಾರಿಯ ಕಿಂಡಿಗಳಿಂದ ಒದ್ದೆ ಮೂತಿಗಳು ಹೊರಗೆ ಚಾಚಿದ್ದವು. ಅವುಗಳ ಉಸಿರಿನ ಸದ್ದು ಇಲ್ಲಿಗೂ ಕೇಳುತ್ತಿತ್ತು.

ಲೊವೀನಾ ಗಾಡಿ ಹತ್ತಿ ಕೂತಳು. ಚಾವಿ ಸೇರಿಸಿದಳು.

ಆಗ ಅವಳ ಮನಸ್ಸಿಗೆ ಬಂದದ್ದು ಭಯವಲ್ಲ. ಒಂದು ಬಗೆಯ ತಂಪು. ತಿರುಗಿಸಿದರಾಯಿತು, ಗೆರೆಯವರೆಗೆ ಹೋಗುವಷ್ಟು ದೂರ ಎಂಜಿನ್ ಹೇಗೂ ಓಡುತ್ತದೆ. ದನಗಳಿಗೆ ದಾರಿಯಾಗುತ್ತದೆ. ಆಮೇಲೆ ಯಾರೂ ಏನೂ ಅನ್ನುವಂತಿಲ್ಲ. ಗಾಡಿ ಹೋಯಿತು, ಏನು ಮಾಡುವುದು, ಅನ್ನಬಹುದು. ಮಹಡಿಯ ಕೋಣೆ, ನೆಟ್ಟಗೆ ಚಾಚಿದ ಕಾಲು, ಕೆಳಗಿನಿಂದ ಏರಿಬರುವ ಸೇಬಿನ ಪೈ ವಾಸನೆ. ಸಾಕು ಎಂದು ಅವಳು ಹೇಳಬೇಕಾಗಿಲ್ಲ. ಬೆರಳು ಹೇಳಿಬಿಡುತ್ತದೆ.

ಬೆರಳು ಚಾವಿಯ ಮೇಲೆ ಹಾಗೇ ಇತ್ತು. ಎದುರಿನ ಗಾಜಿನ ಮೇಲೆ ಮೂರು ರಾಜ್ಯಗಳ ಹುಳುಗಳು ಅಂಟಿಕೊಂಡಿದ್ದವು. ಎಡ್ನಾ ಬಾಗಿಲಲ್ಲಿ ನಿಂತು, "ಅಯ್ಯೋ, ಹೇಗಾಯ್ತೇ?" ಎಂದು ಕೇಳುವುದು ಕಣ್ಣಿಗೆ ಕಟ್ಟಿತು. ಅದಕ್ಕೆ ಒಂದು ಉತ್ತರ ಕಟ್ಟಬೇಕು. ಆ ಉತ್ತರವನ್ನು ದಿನಾ ಆ ಕೋಣೆಯಲ್ಲಿ ಇಟ್ಟುಕೊಂಡು ಮಲಗಬೇಕು.

ಅವಳು ಚಾವಿ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡು ಕೆಳಗಿಳಿದಳು.

"ಡೀಸೆಲ್ ಟ್ಯಾಂಕಿಗೆ ಯೂರಿಯಾ ಹೊಯ್ದಿದೀನಿ," ಎಂದಳು. "ನಾನೇ. ಕಣ್ಣು ಮುಚ್ಕೊಂಡು."

ದನದ ಲಾರಿಯವನು ಖಾಲಿ ಕ್ಯಾನನ್ನೂ ಅವಳ ಮುಖವನ್ನೂ ನೋಡಿದ. ತಲೆಯ ಮೇಲಿನ ಟೋಪಿ ಎತ್ತಿ ಮತ್ತೆ ಇಟ್ಟುಕೊಂಡ.

"ಚಾವಿ ತಿರುಗಿಸಿದ್ರಾ?"

"ಇಲ್ಲ."

"ಪುಣ್ಯ. ನನ್ನ ಹೆಂಡತಿ ತಮ್ಮ ಹೀಗೇ ಮಾಡ್ದ. ಅವನಿಗೆ ಗೊತ್ತಾಗಿದ್ದು ಮಾತ್ರ ಹತ್ತು ಮೈಲಿ ಆದ್ಮೇಲೆ. ಅವನ ತಲೇಲೂ ಯೂರಿಯಾನೇ ತುಂಬಿದೆ ಅಂತ ನಾವು ಅಂತಿದ್ವಿ." ನಾಲಿಗೆ ಕಚ್ಚಿಕೊಂಡು, "ನಿಮಗೆ ಅಂದಿದ್ದಲ್ಲ," ಎಂದ.

"ನನಗೂ ಸಲ್ಲುತ್ತೆ, ಬಿಡಿ."

ಅವನ ಹೆಸರು ಡೆಲ್ಬರ್ಟ್ ಎಂದು ಆಮೇಲೆ ತಿಳಿಯಿತು, ಪಕ್ಕದ ಸಾಲಿನಲ್ಲಿ ಹೊರಡಲಿದ್ದ ಲಾರಿಯವನು ಹಾಗೆ ಕರೆದಾಗ. ಡೆಲ್ಬರ್ಟ್ ಕೈಬೀಸಿ ಆ ಲಾರಿಯನ್ನು ಲೊವೀನಾಳ ಗಾಡಿಯ ಮುಂದಕ್ಕೆ ಹಿಮ್ಮುಖವಾಗಿ ತರಿಸಿದ. ತನ್ನ ಲಾರಿಯಿಂದ ದಪ್ಪ ಎಳೆಪಟ್ಟಿ ತಂದು ಎರಡಕ್ಕೂ ಕೊಕ್ಕೆ ಸಿಕ್ಕಿಸಿದ.

"ಸ್ಟೇರಿಂಗ್ ಲಾಕ್ ಬಿಡಿಸೋಕೆ ಚಾವಿ ಒಂದು ಹಲ್ಲು, ಒಂದು ಸಲ ಕಟಕ್ ಅನ್ನೋವಷ್ಟು, ತಿರುಗಲಿ," ಎಂದ, ಕಿಟಕಿಗೆ ಮುಖ ತಂದು. "ಒಂದೇ ಹಲ್ಲು. ಎರಡನೇದಕ್ಕೆ ಹೋದ್ರೆ ದೇವರೇ ಗತಿ."

"ಗೊತ್ತಪ್ಪ."

"ಗೊತ್ತಿದ್ದೇ ಕ್ಯಾನು ಸುರಿದಿದ್ದಲ್ವಾ."

ಅವಳಿಗೆ ನಗು ಬಂತು, ನಗುವಷ್ಟು ಶಕ್ತಿ ಬರಲಿಲ್ಲ. ಒಂದು ಹಲ್ಲು ತಿರುಗಿಸಿ, ಕೈಯನ್ನು ಚಾವಿಯಿಂದ ದೂರ ತೆಗೆದುಕೊಂಡಳು. ಪಟ್ಟಿ ಬಿಗಿಯಿತು. ಎಂಜಿನ್ ಸದ್ದಿಲ್ಲದೆ ತನ್ನ ಗಾಡಿ ಚಲಿಸುವುದನ್ನು ಅವಳು ಎಂದೂ ಕೇಳಿರಲಿಲ್ಲ. ಟಯರುಗಳ ಕೆಳಗೆ ಮರಳು ಕಿರುಗುಟ್ಟಿತು, ಹಿಂದೆ ಮನೆಯ ಕಪಾಟಿನ ಬಾಗಿಲುಗಳು ಸಣ್ಣಗೆ ಅದುರಿದವು. ಕಲ್ಲಿನ ಹಾಗಾಗಿದ್ದ ಸ್ಟೇರಿಂಗನ್ನು ನೋಯುವ ಭುಜದಿಂದ ಒತ್ತಿ ಹಿಡಿದಳು. ಗೆರೆ ದಾಟಿ, ಯಾರಿಗೂ ಅಡ್ಡವಾಗದ ಮೂಲೆಗೆ ಬಂದಾಗ ಎರಡೂ ಕಾಲಿನಿಂದ ಬ್ರೇಕ್ ತುಳಿದಳು.

ಡೆಲ್ಬರ್ಟ್ ಡೀಸೆಲ್ ತುಂಬಿಕೊಂಡು, ಗೆರೆಯ ಹತ್ತಿರವೂ ನಿಲ್ಲದೆ ಹೊರಟುಹೋದ. ಹೋಗುವಾಗ ಹಾರನ್ ಒಂದು ಸಲ ಮೆಲ್ಲಗೆ ಒತ್ತಿದ.

ಟ್ಯಾಂಕ್ ಬರಿದು ಮಾಡಲು ಮೆಕ್ಯಾನಿಕ್ ಬರುವುದು ಸಂಜೆಯ ಹೊತ್ತಿಗೆ ಎಂದರು. ಮನೆಗಾಗಿ ಕಾದಿದ್ದ ಮಾರಾಟಗಾರನಿಗೆ ತಿಳಿಸಿದ್ದಾಯಿತು. ಆಮೇಲೆ, ಭಾನುವಾರವಲ್ಲದಿದ್ದರೂ, ತಂಗಿಗೆ ಫೋನ್ ಮಾಡಿದಳು. ನಡೆದದ್ದನ್ನೆಲ್ಲ ಹೇಳಿದಳು, ಚಾವಿಯ ಮೇಲೆ ಬೆರಳಿಟ್ಟು ಕೂತದ್ದನ್ನೂ.

ಎಡ್ನಾ ಪೂರ್ತಿ ಕೇಳಿಸಿಕೊಂಡಳು. ಆ ಕಡೆ ಯಾರೋ ಅಂಗಡಿಯ ಗಂಟೆ ಬಾರಿಸಿದರು.

"ಹಾಗಾದ್ರೆ ಇನ್ನೂ ಓಡಿಸ್ತೀಯಾ?"

"ಗೊತ್ತಿಲ್ಲ ಕಣೆ. ತುಂಬಾ ಸುಸ್ತಾಗಿದೆ." ಲೊವೀನಾ ಮನೆಯ ಮೆಟ್ಟಿಲ ಮೇಲೆ, ಬೀಗ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. "ಸಾಕು ಅನ್ನೋದನ್ನ ನಾನೇ ಅಂತೀನಿ. ಗಾಡಿ ಕೈಲಿ ಅನ್ನಿಸಲ್ಲ."

"ಸರಿ," ಎಂದಳು ಎಡ್ನಾ. "ಊಟ ಮಾಡ್ದಾ?"

ಮೆಕ್ಯಾನಿಕ್ ಬಂದು ಹೋಗುವಷ್ಟರಲ್ಲಿ ಬಿಸಿಲು ಹಳದಿಯಾಗಿತ್ತು. ಅವನು ಟ್ಯಾಂಕ್ ತೊಳೆದು, ಕ್ಯಾನಿನಲ್ಲಿ ತಂದು ಹಾಕಿದ್ದ ಡೀಸೆಲ್ಲಿನ ಬಲದ ಮೇಲೆ ಲೊವೀನಾ ಚಾವಿಯನ್ನು ಪೂರ್ತಿ ತಿರುಗಿಸಿದಳು. ಎಂಜಿನ್ ಒಮ್ಮೆ ಕೆಮ್ಮಿ, ಎಂದಿನ ದನಿಗೆ ಬಂತು. ಗಾಡಿಯನ್ನು ಸುತ್ತು ಹಾಕಿಸಿ ಅದೇ ಪಂಪಿಗೆ ತಂದಳು. "ಡೀಸೆಲ್" ಎಂದು ಬಾಯಿಬಿಟ್ಟು ಹೇಳಿಕೊಂಡು ಹಸಿರು ಮುಚ್ಚಳ ತೆರೆದು, ಟ್ಯಾಂಕ್ ತುಂಬಿದಳು.

ಆ ಹೊತ್ತಿಗೆ ಅವಳ ಹಿಂದೆ ಒಂದು ಲಾರಿಯೂ ಇರಲಿಲ್ಲ. ಆದರೂ ಗೆರೆಯವರೆಗೆ ಹೋಗಿ ನಿಲ್ಲಿಸಿ, ಇಳಿದು, ಮಂಡಿ ಹಿಡಿದುಕೊಂಡು ಕಾಫಿಗೆ ನಡೆದಳು.